ಮೋಟಾರ್ ಅಳೆಯಲು ಯಾವ ಮೀಟರ್? ಮಲ್ಟಿಮೀಟರ್‌ನಿಂದ ಸರ್ಜ್ ಟೆಸ್ಟರ್‌ವರೆಗೆ ಒಂದು ಹೋಲಿಕೆ

ಮೋಟಾರ್ ಕೈಕೊಟ್ಟಾಗ ಹೆಚ್ಚಿನವರು ಮೊದಲು ಮಲ್ಟಿಮೀಟರ್ ತೆಗೆದು ಟರ್ಮಿನಲ್‌ಗೆ ಹಿಡಿಯುತ್ತಾರೆ. ಮೂರು ಫೇಸ್‌ನಲ್ಲೂ ರೀಡಿಂಗ್ ಬಂತು, ಬಾಡಿಗೆ ಏನೂ ತೋರಿಸಲಿಲ್ಲ, ಹಾಗಾಗಿ ಮೋಟಾರ್ ಸರಿಯಾಗೇ ಇದೆ ಅಂತ ತೀರ್ಮಾನ. ಆನ್ ಮಾಡಿದರೆ ಮತ್ತೆ ಟ್ರಿಪ್. ಆಮೇಲೆ ಸ್ಟಾರ್ಟರ್ ಬದಲಿಸಿ ನೋಡುತ್ತಾರೆ, ಕೇಬಲ್ ಬದಲಿಸಿ ನೋಡುತ್ತಾರೆ. ಇಷ್ಟಕ್ಕೂ ಮಲ್ಟಿಮೀಟರ್ ಸುಳ್ಳು ಹೇಳಿರಲಿಲ್ಲ. ಆ ದೋಷವನ್ನು ಕಾಣುವ ಶಕ್ತಿಯೇ ಅದಕ್ಕಿರಲಿಲ್ಲ.

ಮೋಟಾರ್ ಅಳೆಯುವ ಉಪಕರಣ ಆರಿಸುವವರಿಗೆ ನಾನು ಹೇಳುವುದು ಇದನ್ನೇ. ಪ್ರತಿ ಮೀಟರ್‌ಗೂ ಕಣ್ಣಿಗೆ ಬೀಳದ ದೋಷ ಒಂದಲ್ಲ ಒಂದು ಇರುತ್ತದೆ. ಅದು ಯಾವುದು ಅಂತ ಗೊತ್ತಿದ್ದರೆ ಅಗ್ಗದ ಮೀಟರ್‌ನಲ್ಲೂ ಒಳ್ಳೆಯ ಕೆಲಸ ತೆಗೆಯಬಹುದು. ಗೊತ್ತಿಲ್ಲದಿದ್ದರೆ ದುಬಾರಿ ಯಂತ್ರ ತಂದರೂ ದಾರಿ ತಪ್ಪುತ್ತದೆ.

ಮೋಟಾರ್‌ನಲ್ಲಿ ವಿದ್ಯುತ್ತಿನ ಕಡೆಯಿಂದ ಕೆಡುವ ಜಾಗಗಳು ತುಂಬಾ ಏನಿಲ್ಲ. ತಂತಿ ಕಡಿದಿರಬಹುದು ಅಥವಾ ಜಾಯಿಂಟ್ ಸಡಿಲವಾಗಿರಬಹುದು. ವೈಂಡಿಂಗ್‌ಗೂ ಬಾಡಿಗೂ ನಡುವಿನ ಇನ್ಸುಲೇಷನ್ ಸೋತಿರಬಹುದು. ಒಂದೇ ಸುರುಳಿಯ ಅಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿರಬಹುದು. ತಿರುಗುವ ಭಾಗವಾದ ರೋಟರ್‌ನ ಲೋಹದ ಬಾರ್ ಮುರಿದಿರಬಹುದು, ಆಯಸ್ಕಾಂತ ಇರುವ ಮೋಟಾರ್ ಆದರೆ ಅದರ ಬಲ ಕುಂದಿರಬಹುದು. ಮೋಟಾರ್ ಚೆನ್ನಾಗೇ ಇದ್ದು, ಬರುವ ಸಪ್ಲೈ ಸರಿ ಇಲ್ಲದೆಯೂ ಇರಬಹುದು. ಒಂದೊಂದಕ್ಕೂ ಬೇರೆ ಬೇರೆ ಅಳತೆ ಬೇಕು.

ಮೀಟರ್ ಹಿಡಿಯುವ ಮೊದಲು ಸುರಕ್ಷತೆಯ ಮಾತು. ನಿಂತ ಮೋಟಾರ್ ಅಳೆಯುವಾಗ ಮೇನ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದಂತೆ ಬೀಗ ಹಾಕಿ. ಕರೆಂಟ್ ಇಲ್ಲ ಅನ್ನೋದನ್ನು ಮೀಟರ್‌ನಿಂದಲೇ ಖಚಿತಪಡಿಸಿಕೊಳ್ಳಿ. ಆ ಮೀಟರ್ ಕೆಲಸ ಮಾಡುತ್ತಿದೆಯೇ ಅಂತ ಕರೆಂಟ್ ಇರುವ ಬೇರೊಂದು ಕಡೆ ಹಿಡಿದು, ಮೊದಲೂ ನೋಡಿ, ಆಮೇಲೂ ನೋಡಿ. ಓಡುವ ಮೋಟಾರ್ ಅಳೆಯುವುದಾದರೆ ಮೀಟರ್ ಮೇಲೆ ಕ್ಯಾಟ್ 3 ಅಥವಾ ಕ್ಯಾಟ್ 4 ಅನ್ನುವ ಸುರಕ್ಷತಾ ದರ್ಜೆ ಬರೆದಿರಬೇಕು, ಅದರ ಪಕ್ಕದ ವೋಲ್ಟೇಜ್ ನಿಮ್ಮ ಸಪ್ಲೈಗಿಂತ ಕಡಿಮೆ ಇರಬಾರದು.

ವೈಂಡಿಂಗ್ ರೆಸಿಸ್ಟೆನ್ಸ್: ಮಲ್ಟಿಮೀಟರ್ ಸಾಕಾ?

ಸಣ್ಣ ಮೋಟಾರ್‌ಗೆ ಸಾಕು. ದೊಡ್ಡದಕ್ಕೆ ಸಾಲದು. ಕಾರಣ ತುಂಬಾ ಸರಳ. ಮಲ್ಟಿಮೀಟರ್‌ನ ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ನೋಡಿ. ಸೊನ್ನೆ ಬರೋದಿಲ್ಲ, 0.2 ಅಥವಾ 0.3 ಓಮ್ ಬರುತ್ತದೆ. ಅದು ಮೀಟರ್‌ನ ವಯರ್‌ನದ್ದೇ ರೆಸಿಸ್ಟೆನ್ಸ್. 20 ಓಮ್ ಇರುವ ಫ್ಯಾನ್ ವೈಂಡಿಂಗ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ವೈಂಡಿಂಗ್ ರೆಸಿಸ್ಟೆನ್ಸೇ 0.08 ಓಮ್ ಇದ್ದರೆ? ಆಗ ನೀವು ಮೋಟಾರ್ ಬಿಟ್ಟು ಪ್ರೋಬ್ ಅಳೆದ ಹಾಗಾಯಿತು.

ಇದಕ್ಕೆ ಇರುವ ದಾರಿ ನಾಲ್ಕು ವಯರ್ ಅಳತೆ, ಕೆಲ್ವಿನ್ ವಿಧಾನ ಅಂತಲೂ ಕರೆಯುತ್ತಾರೆ. ಎರಡು ವಯರ್‌ನಲ್ಲಿ ಕರೆಂಟ್ ಹರಿಸುತ್ತಾರೆ, ಇನ್ನೆರಡರಲ್ಲಿ ವೋಲ್ಟೇಜ್ ಮಾತ್ರ ನೋಡುತ್ತಾರೆ. ವೋಲ್ಟೇಜ್ ನೋಡುವ ವಯರ್‌ನಲ್ಲಿ ಕರೆಂಟ್ ಇಲ್ಲದಷ್ಟೇ ಹರಿಯುವುದರಿಂದ ಅದರ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರೋದಿಲ್ಲ. ಮಿಲಿಓಮ್ ಮೀಟರ್, ಮೈಕ್ರೋಓಮ್ ಮೀಟರ್ ಅಂತ ಸಿಗುವುದೆಲ್ಲ ಇದೇ ಜಾತಿ.

ಆದರೆ ಬರೀ ಇದಕ್ಕಾಗಿ ಹೊಸ ಮೀಟರ್ ಕೊಳ್ಳಬೇಕು ಅಂತೇನೂ ಇಲ್ಲ. ಕರೆಂಟ್ ಮಿತಿ ಹಾಕಬಹುದಾದ ಡಿಸಿ ಪವರ್ ಸಪ್ಲೈ ಇದ್ದರೆ 1 ಆಂಪಿಯರ್‌ಗೆ ಹೊಂದಿಸಿ ಎರಡು ಟರ್ಮಿನಲ್ ನಡುವೆ ಹರಿಸಿ. ಈಗ ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ, ಪ್ರೋಬನ್ನು ಸಪ್ಲೈನ ಕ್ಲಿಪ್ ಮೇಲೆ ಇಡದೆ ನೇರ ಟರ್ಮಿನಲ್ ಬೋಲ್ಟ್ ಮೇಲೆ ಒತ್ತಿ. 85 ಮಿಲಿವೋಲ್ಟ್ ತೋರಿಸಿದರೆ ರೆಸಿಸ್ಟೆನ್ಸ್ 0.085 ಓಮ್. ಪ್ರೋಬನ್ನು ಕ್ಲಿಪ್ ಮೇಲೆ ಇಟ್ಟರೆ ಕ್ಲಿಪ್ಪಿನ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಕೂಡ ಸೇರಿಬಿಡುತ್ತದೆ, ಇಡೀ ಶ್ರಮ ನೀರುಪಾಲು. ದೊಡ್ಡ ಮೋಟಾರ್‌ನಲ್ಲಿ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಸುರುಳಿಯ ಗುಣ) ಜಾಸ್ತಿ ಇರುವುದರಿಂದ ರೀಡಿಂಗ್ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ. ಮುಗಿದ ಮೇಲೆ ಮೊದಲು ಸಪ್ಲೈ ಕರೆಂಟನ್ನು ಸೊನ್ನೆಗೆ ಇಳಿಸಿ, ಆಮೇಲೆ ಕ್ಲಿಪ್ ತೆಗೆಯಿರಿ. ಕರೆಂಟ್ ಹರಿಯುತ್ತಿರುವಾಗಲೇ ಕಿತ್ತರೆ ವೈಂಡಿಂಗ್ ಒಳ್ಳೆಯ ಶಾಕ್ ಕೊಡುತ್ತದೆ.

ಬಂದ ಅಂಕಿಯನ್ನು ಓದುವುದರಲ್ಲೂ ಎರಡು ವಿಷಯ ಇವೆ. ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಅಳೆದದ್ದು ಒಂದು ಫೇಸಿನ ರೆಸಿಸ್ಟೆನ್ಸ್ ಅಲ್ಲ. ಸ್ಟಾರ್ ಸಂಪರ್ಕ (ಮೂರು ವೈಂಡಿಂಗ್‌ನ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಇದ್ದರೆ ಅದರ ಅರ್ಧ, ಡೆಲ್ಟಾ (ಮೂರೂ ತ್ರಿಕೋನದಂತೆ ಸೇರಿದ್ದು) ಇದ್ದರೆ ಅದರ ಒಂದೂವರೆ ಪಟ್ಟು ಒಂದು ಫೇಸಿನದ್ದು. ಇನ್ನೊಂದು, ತಾಪಮಾನ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 1 ಓಮ್ ಇದ್ದದ್ದು 100 ಡಿಗ್ರಿಯಲ್ಲಿ 1.31 ಓಮ್. ಹಾಗಾಗಿ ಬಿಸಿ ಮೋಟಾರ್‌ನ ಅಂಕಿಯನ್ನು ತಣ್ಣಗಿದ್ದಾಗಿನ ಅಂಕಿಯ ಪಕ್ಕ ಇಟ್ಟು ಗಾಬರಿಯಾಗಬೇಡಿ. ಇದೇ ಗುಣವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು. ಓಡುವ ಮೋಟಾರನ್ನು ನಿಲ್ಲಿಸಿದ ತಕ್ಷಣ ರೆಸಿಸ್ಟೆನ್ಸ್ ಅಳೆದರೆ, ಒಳಗಿನ ತಾಮ್ರ ಸರಾಸರಿ ಎಷ್ಟು ಬಿಸಿಯಾಗಿತ್ತು ಅಂತ ಲೆಕ್ಕ ಹಾಕಬಹುದು. ಬಾಡಿ ಮುಟ್ಟಿ ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ನಂಬಿಕೆಯ ಅಳತೆ.

ನನಗೆ ಕೇಳಿದರೆ, ಒಂದೊಂದು ಅಂಕಿಗಿಂತ ಮೂರು ಅಂಕಿಗಳ ನಡುವಿನ ವ್ಯತ್ಯಾಸವೇ ಮುಖ್ಯ. ಮೂರೂ ಹತ್ತಿರ ಹತ್ತಿರ ಇದ್ದರೆ ತಾಮ್ರದ ದಾರಿ ಸರಿ ಇದೆ. ಒಂದು ಜಾಸ್ತಿ ಇದ್ದರೆ ಮೊದಲು ಟರ್ಮಿನಲ್ ಬಾಕ್ಸ್‌ನ ಲಗ್ ಮತ್ತು ನಟ್ ನೋಡಿ. ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ.

ಬಾಡಿಗೆ ಲೀಕ್ ಇದೆಯೇ: ಇಲ್ಲಿ ಮೆಗ್ಗರ್ ಬೇಕೇ ಬೇಕು

ಇನ್ಸುಲೇಷನ್ ವಿಷಯದಲ್ಲಿ ಮಲ್ಟಿಮೀಟರ್ ನಂಬಬೇಡಿ. ಓಮ್ ಅಳೆಯುವಾಗ ಅದು ಕೊಡುವುದು ಕೆಲವೇ ವೋಲ್ಟ್. ಮೋಟಾರ್ ಓಡುವುದು ನೂರಾರು ವೋಲ್ಟ್‌ನಲ್ಲಿ. ಬಿರುಕು ಬಿಟ್ಟ ಇನ್ಸುಲೇಷನ್ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಮಲ್ಟಿಮೀಟರ್‌ಗೆ ಅದು ಗಟ್ಟಿ ಗೋಡೆ. ಗಾಳಿ ತುಂಬದ ಟ್ಯೂಬಿನಲ್ಲಿ ಪಂಕ್ಚರ್ ಹುಡುಕಿದ ಹಾಗೆ. ಇನ್ಸುಲೇಷನ್ ಅಳೆಯಲೆಂದೇ ಇರುವ ಮೀಟರ್ ಮೆಗ್ಗರ್. ಅದು 500 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಡಿಸಿ ಒತ್ತಡ ಕೊಡುತ್ತದೆ, ಆಗ ಸಣ್ಣ ಬಿರುಕೂ ಬಾಯಿ ಬಿಡುತ್ತದೆ.

ಎಷ್ಟು ವೋಲ್ಟ್‌ನ ಮೆಗ್ಗರ್ ಆರಿಸಬೇಕು? ಈ ವಿಷಯಕ್ಕೆ ಜಗತ್ತೆಲ್ಲ ನೋಡುವ ಮಾನದಂಡ ಐಇಇಇ 43. ಅದರ ಪ್ರಕಾರ 1000 ವೋಲ್ಟ್‌ಗಿಂತ ಕಡಿಮೆಯ ಮೋಟಾರ್‌ಗೆ 500 ವೋಲ್ಟ್ ಪರೀಕ್ಷೆ ಸಾಕು. 2500 ವೋಲ್ಟ್‌ವರೆಗಿನ ಮೋಟಾರ್‌ಗೆ 500ರಿಂದ 1000, ಅದರ ಮೇಲೆ 5000 ವೋಲ್ಟ್‌ವರೆಗೆ 1000ದಿಂದ 2500. ನೀವು ಮುಟ್ಟುವುದೆಲ್ಲ 415 ವೋಲ್ಟ್ ಆಸುಪಾಸಿನ ಮೋಟಾರ್ ಆದರೆ 500 ವೋಲ್ಟ್‌ನ ಸಾಮಾನ್ಯ ಮೆಗ್ಗರ್ ತೆಗೆದುಕೊಳ್ಳಿ. 5000 ವೋಲ್ಟ್‌ನದ್ದು ಇದ್ದರೆ ಇನ್ನೂ ಒಳ್ಳೇದು ಅಲ್ವಾ ಅಂತ ಅನ್ನಿಸಬಹುದು. ಸಣ್ಣ ಮೋಟಾರ್ ಮೇಲೆ ಅಷ್ಟು ಒತ್ತಡ ಹಾಕಿದರೆ ಚೆನ್ನಾಗಿದ್ದ ಇನ್ಸುಲೇಷನ್ನೂ ಕೆಡಬಹುದು.

ಅದೇ ಮಾನದಂಡ ಕನಿಷ್ಠ ಅಂಕಿಯನ್ನೂ ಹೇಳುತ್ತದೆ. 1000 ವೋಲ್ಟ್‌ಗಿಂತ ಕಡಿಮೆಯ ಮೋಟಾರ್‌ಗೆ 40 ಡಿಗ್ರಿಯಲ್ಲಿ 5 ಮೆಗಾಓಮ್. ಇದನ್ನು ಓದುವಾಗ 40 ಡಿಗ್ರಿ ಅನ್ನೋದನ್ನು ಬಿಟ್ಟು ಓದುವವರೇ ಜಾಸ್ತಿ. ಇನ್ಸುಲೇಷನ್‌ನ ರೆಸಿಸ್ಟೆನ್ಸ್ ತಾಮ್ರಕ್ಕೆ ಉಲ್ಟಾ, ಬಿಸಿಯಾದಷ್ಟೂ ಇಳಿಯುತ್ತದೆ. ಪ್ರತಿ 10 ಡಿಗ್ರಿಗೆ ಅರ್ಧ ಆಗುತ್ತದೆ ಅನ್ನೋದು ಬಳಕೆಯಲ್ಲಿರುವ ಸ್ಥೂಲ ಲೆಕ್ಕ. 20 ಡಿಗ್ರಿಯ ತಂಪಿನಲ್ಲಿ 12 ಮೆಗಾಓಮ್ ಬಂತು ಅಂತಿಟ್ಟುಕೊಳ್ಳಿ. ನೋಡಲು ಚೆನ್ನಾಗಿದೆ. 30 ಡಿಗ್ರಿಗೆ ಅದು 6, 40 ಡಿಗ್ರಿಗೆ 3. ಅಂದರೆ ಈ ಮೋಟಾರ್ ಪಾಸಾಗಿಲ್ಲ. ಆದ್ದರಿಂದ ಮೆಗ್ಗರ್ ರೀಡಿಂಗ್ ಬರೆಯುವಾಗ ಪಕ್ಕದಲ್ಲೇ ವೈಂಡಿಂಗ್ ತಾಪಮಾನ ಬರೆಯಿರಿ. ಅದಿಲ್ಲದ ಅಂಕಿ ಮುಂದಿನ ವರ್ಷ ಯಾರ ಉಪಯೋಗಕ್ಕೂ ಬರೋದಿಲ್ಲ.

ಅನಲಾಗ್ ಕೈಸುತ್ತಿನ ಮೆಗ್ಗರ್ ಒಳ್ಳೇದಾ, ಡಿಜಿಟಲ್ ಒಳ್ಳೇದಾ? ಬ್ಯಾಟರಿಯ ಹಂಗಿಲ್ಲದ್ದು ಬೇಕಾದರೆ ಕೈಸುತ್ತಿನದ್ದು ಈಗಲೂ ಚೆನ್ನಾಗಿದೆ. ಆದರೆ ನಿಮಿಷಗಟ್ಟಲೆ ಒಂದೇ ವೇಗದಲ್ಲಿ ತಿರುಗಿಸುವುದು ಕಷ್ಟ. ದೊಡ್ಡ ಮೋಟಾರ್‌ಗೆ ಪೋಲರೈಸೇಷನ್ ಇಂಡೆಕ್ಸ್ ನೋಡಬೇಕಾದರೆ ಡಿಜಿಟಲ್ ಬೇಕು. ಹತ್ತನೇ ನಿಮಿಷದ ರೀಡಿಂಗನ್ನು ಒಂದನೇ ನಿಮಿಷದ ರೀಡಿಂಗ್‌ನಿಂದ ಭಾಗಿಸಿದರೆ ಬರುವುದೇ ಈ ಇಂಡೆಕ್ಸ್. ಶಾಖ ತಡೆಯುವ ದರ್ಜೆ ಬಿ ಅಥವಾ ಅದಕ್ಕಿಂತ ಮೇಲಿರುವ ಇನ್ಸುಲೇಷನ್‌ಗೆ ಇದು 2 ಆದರೂ ಇರಬೇಕು. 1ರ ಹತ್ತಿರ ಇದ್ದರೆ ತೇವ ಅಥವಾ ಕೊಳೆ ಅಂತ ಅನುಮಾನಿಸಿ. ಒಂದನೇ ನಿಮಿಷಕ್ಕೇ 5000 ಮೆಗಾಓಮ್ ದಾಟಿದ್ದರೆ ಈ ಲೆಕ್ಕಕ್ಕೆ ಅರ್ಥ ಇಲ್ಲ, ಬಿಟ್ಟುಬಿಡಿ. ಸಣ್ಣ ಮೋಟಾರ್‌ಗಳಲ್ಲಿ ರೀಡಿಂಗ್ ಬೇಗ ನಿಂತುಬಿಡುವುದರಿಂದ 30 ಸೆಕೆಂಡ್ ಮತ್ತು 60 ಸೆಕೆಂಡ್‌ನ ಅಂಕಿ ಹೋಲಿಸಿದರೆ ಸಾಕು.

ನೆನೆದ ಮೋಟಾರ್ ಒಣಗಿಸುವಾಗ ಮೆಗ್ಗರ್ ಹಿಡಿದು ಕೂತವರಿಗೆ ಒಂದು ವಿಷಯ ವಿಚಿತ್ರ ಅನ್ನಿಸುತ್ತದೆ. ಬಿಸಿ ಕೊಡಲು ಶುರು ಮಾಡಿದ ಮೇಲೆ ರೀಡಿಂಗ್ ಏರುವ ಬದಲು ಇಳಿಯುತ್ತದೆ. ಕೈಬಿಡಬೇಡಿ. ಮೊದಲು ಬಿಸಿಯ ಪ್ರಭಾವ ಕಾಣುತ್ತದೆ, ತೇವ ಹೊರಗೆ ಹೋದಂತೆ ಅಂಕಿ ನಿಧಾನವಾಗಿ ಮೇಲೇರಿ ಒಂದು ಕಡೆ ನಿಲ್ಲುತ್ತದೆ. ಹಾಗೆ ನಿಂತ ಮೇಲೆಯೇ ಒಣಗಿತು ಅಂತ ಲೆಕ್ಕ.

ಮೆಗ್ಗರ್ ಬಳಸುವಾಗ ಎರಡು ತಪ್ಪು ದುಬಾರಿ ಬೀಳುತ್ತವೆ. ಡ್ರೈವ್‌ಗೆ (ಮೋಟಾರ್‌ನ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಯಂತ್ರಕ್ಕೆ) ಸೇರಿದ ಮೋಟಾರನ್ನು ಬಿಡಿಸದೆ ಮೆಗ್ಗರ್ ಹಾಕಿದರೆ ಡ್ರೈವ್‌ನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗಬಹುದು. ಕೇಬಲನ್ನು ಎರಡೂ ಕಡೆ ಬಿಚ್ಚಿ ಮೋಟಾರನ್ನು ಒಂಟಿಯಾಗಿ ಅಳೆಯಿರಿ. ಹಾಗೆಯೇ ಪರೀಕ್ಷೆ ಮುಗಿದ ಮೇಲೆ ವೈಂಡಿಂಗ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಪರೀಕ್ಷೆ ನಡೆದಷ್ಟು ಹೊತ್ತಿನ ನಾಲ್ಕು ಪಟ್ಟು ಸಮಯವಾದರೂ ಅದನ್ನು ಅರ್ಥ್ ಮಾಡಿ ಇಡಬೇಕು. ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ನಲವತ್ತು ನಿಮಿಷ.

ಸುತ್ತು ಸುತ್ತಿಗೆ ಶಾರ್ಟ್: ಮೆಗ್ಗರ್‌ಗೂ ಕಾಣದ ದೋಷ

ಈ ದೋಷದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲ ಮೀಟರ್ ಸರಿ ಅಂದರೂ ಮೋಟಾರ್ ಸುಡುವುದು ಹೆಚ್ಚಾಗಿ ಇದರಿಂದಲೇ. ನೂರು ಸುತ್ತು ಇರುವ ಸುರುಳಿಯಲ್ಲಿ ಒಂದು ಸುತ್ತು ಶಾರ್ಟ್ ಆದರೆ ಅದರ ರೆಸಿಸ್ಟೆನ್ಸ್ ಒಂದು ಶೇಕಡಾ ಮಾತ್ರ ಇಳಿಯುತ್ತದೆ. ಮಲ್ಟಿಮೀಟರ್‌ನ ತಪ್ಪೇ ಅದಕ್ಕಿಂತ ಜಾಸ್ತಿ. ಬಾಡಿಗೆ ತಾಗಿಲ್ಲದ ಕಾರಣ ಮೆಗ್ಗರ್ ಕೂಡ ಬೆನ್ನು ತಟ್ಟುತ್ತದೆ. ಆದರೆ ಸಪ್ಲೈ ಕೊಟ್ಟ ಕೂಡಲೇ ಆ ಒಂದು ಸುತ್ತು ಶಾರ್ಟ್ ಮಾಡಿದ ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯಂತೆ ಆಗುತ್ತದೆ. ಅದರೊಳಗೆ ವಿಪರೀತ ಕರೆಂಟ್ ಸುತ್ತುತ್ತದೆ, ಪಕ್ಕದ ಸುತ್ತುಗಳನ್ನೂ ಸುಡುತ್ತದೆ.

ಇಲ್ಲಿ ಆಯ್ಕೆ ಇರುವುದು ಎಲ್‌ಸಿಆರ್ ಮೀಟರ್ ಮತ್ತು ಸರ್ಜ್ ಟೆಸ್ಟರ್ ನಡುವೆ.

ಎಲ್‌ಸಿಆರ್ ಮೀಟರ್ ಮೂರು ಫೇಸ್‌ನ ಇಂಡಕ್ಟೆನ್ಸ್ ಹೋಲಿಸುತ್ತದೆ. ಶಾರ್ಟ್ ಇರುವ ಫೇಸಿನಲ್ಲಿ ಇಂಡಕ್ಟೆನ್ಸ್ ಇಳಿದಿರುತ್ತದೆ. ಮೀಟರ್ ಹಗುರ, ಅಳತೆ ಸುಲಭ, ವೈಂಡಿಂಗ್‌ಗೆ ಅಪಾಯ ಇಲ್ಲ. ಕೊಳ್ಳುವುದಾದರೆ 100 ಅಥವಾ 120 ಹರ್ಟ್ಜ್‌ನಲ್ಲೂ 1 ಕಿಲೋಹರ್ಟ್ಜ್‌ನಲ್ಲೂ ಅಳೆಯುವಂಥದ್ದನ್ನು ನೋಡಿ. ತೊಂದರೆ ಏನಂದರೆ ರೋಟರ್ ಒಳಗೇ ಇದ್ದಾಗ ಅದು ಎಲ್ಲಿ ನಿಂತಿದೆ ಅನ್ನೋದರ ಮೇಲೆ ಅಂಕಿ ಬದಲಾಗಬಹುದು. ಹಾಗಾಗಿ ಒಂದು ಸಲ ಅಳೆದು ತೀರ್ಪು ಕೊಡಬಾರದು. ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಮತ್ತೆ ಅಳೆಯಿರಿ. ಮೂರು ಫೇಸ್‌ನ ಅಂಕಿಯೂ ಒಂದೇ ರೀತಿ ಏರಿ ಇಳಿದರೆ ಅದು ರೋಟರ್‌ನ ಪ್ರಭಾವ. ಒಂದೇ ಫೇಸ್ ಯಾವಾಗಲೂ ಕೆಳಗೇ ಉಳಿದರೆ ಆ ಸುರುಳಿ ಮೇಲೆ ಅನುಮಾನ ಪಡಬಹುದು.

ಎಲ್‌ಸಿಆರ್ ಮೀಟರ್‌ಗೆ ಆಗದ ಒಂದು ಕೆಲಸ ಇದೆ. ಇನ್ನೂ ಶಾರ್ಟ್ ಆಗಿಲ್ಲದ, ಆದರೆ ಆಗುವ ಹಂತದಲ್ಲಿರುವ ಸುತ್ತನ್ನು ಅದು ಹಿಡಿಯಲಾರದು. ಇದಕ್ಕೆ ಕಾರಣ ಗಾಳಿಯ ಗುಣ. ಎರಡು ತಂತಿಯ ನಡುವೆ ಎಷ್ಟೇ ಸಣ್ಣ ಗಾಳಿಯ ಜಾಗ ಇದ್ದರೂ ಅದನ್ನು ದಾಟಿ ಕಿಡಿ ಹಾರಲು ಕನಿಷ್ಠ ಸುಮಾರು 330 ವೋಲ್ಟ್ ಬೇಕು. ಎಲ್‌ಸಿಆರ್ ಮೀಟರ್ ಕೊಡುವುದು ಸುಮಾರು ಒಂದು ವೋಲ್ಟ್. ಸರ್ಜ್ ಟೆಸ್ಟರ್ ಮೈಕ್ರೋಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಏರುವ ದೊಡ್ಡ ವೋಲ್ಟೇಜ್‌ನ ಹೊಡೆತ ಕೊಡುತ್ತದೆ. ಅಷ್ಟು ವೇಗವಾಗಿ ಏರುವುದರಿಂದಲೇ ಸುತ್ತು ಸುತ್ತಿನ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ತೆರೆಯ ಮೇಲೆ ಕ್ಷೀಣಿಸುತ್ತಾ ಹೋಗುವ ಅಲೆ ಕಾಣುತ್ತದೆ. ವೋಲ್ಟೇಜ್ ಏರಿಸುತ್ತಾ ಹೋದಂತೆ ಅಲೆ ಎತ್ತರವಾಗುತ್ತದೆ, ಆದರೆ ಜಾಗ ಬಿಟ್ಟು ಕದಲಬಾರದು. ದುರ್ಬಲ ಸುತ್ತು ಸೋತ ಕ್ಷಣದಲ್ಲಿ ಇಂಡಕ್ಟೆನ್ಸ್ ಇಳಿದು, ಅಲೆ ಥಟ್ಟನೆ ಎಡಕ್ಕೆ ಹಾರುತ್ತದೆ. ಒಮ್ಮೆ ನೋಡಿದವರು ಮರೆಯೋದಿಲ್ಲ.

ಆರಿಸುವುದು ಹೇಗೆ? ರಿವೈಂಡಿಂಗ್ ಮಾಡುವವರಿಗೆ, ನಿಂತರೆ ದೊಡ್ಡ ನಷ್ಟವಾಗುವ ಮೋಟಾರ್ ನೋಡಿಕೊಳ್ಳುವವರಿಗೆ ಸರ್ಜ್ ಟೆಸ್ಟರ್ ಬೇಕು. ಬೇರೆಯವರು ಅದನ್ನು ಕೊಳ್ಳುವ ಅಗತ್ಯ ಇಲ್ಲ. ರಿವೈಂಡ್ ಆಗಿ ಬಂದ ಮೋಟಾರ್ ತೆಗೆದುಕೊಳ್ಳುವಾಗ ಮೂರು ಫೇಸ್‌ನ ಸರ್ಜ್ ಅಲೆಯ ಚಿತ್ರ ಕೇಳಿ ಪಡೆಯಿರಿ. ರೋಟರ್ ಹಾಕುವ ಮೊದಲು ಪರೀಕ್ಷೆ ಮಾಡಿದ್ದರೆ ಮೂರು ಅಲೆಯೂ ಒಂದರ ಮೇಲೊಂದು ಕೂರಬೇಕು.

ಓಡುವಾಗಿನ ಅಳತೆ: ಕ್ಲ್ಯಾಂಪ್ ಮೀಟರ್

ಒಂದೇ ಒಂದು ಮೀಟರ್ ಕೊಳ್ಳಬಹುದು ಅಂದರೆ ನಾನು ಹೇಳುವುದು ಕ್ಲ್ಯಾಂಪ್ ಮೀಟರ್, ಟಾಂಗ್ ಟೆಸ್ಟರ್ ಅಂತ ಕರೆಯುತ್ತಾರಲ್ಲ, ಅದೇ. ವಯರ್ ಬಿಚ್ಚಬೇಕಿಲ್ಲ, ಮೋಟಾರ್ ನಿಲ್ಲಿಸಬೇಕಿಲ್ಲ. ದವಡೆಯೊಳಗೆ ಒಂದೇ ವಯರ್ ಇರಬೇಕು. ಮೂರೂ ಫೇಸನ್ನು ಒಟ್ಟಿಗೆ ಹಿಡಿದರೆ ಮೂರರ ಮೊತ್ತ ಸೊನ್ನೆಯಾಗುತ್ತದೆ. ಸಣ್ಣ ಕರೆಂಟ್ ಅಳೆಯಬೇಕಾದರೆ ವಯರನ್ನು ದವಡೆಯೊಳಗೆ ಐದು ಸಲ ಹಾಯಿಸಿ, ರೀಡಿಂಗನ್ನು ಐದರಿಂದ ಭಾಗಿಸಿ.

ಮೂರು ಫೇಸ್‌ನಲ್ಲಿ 10.2, 9.8 ಮತ್ತು 8.5 ಆಂಪಿಯರ್ ಬಂತು ಅಂದುಕೊಳ್ಳಿ. ಸರಾಸರಿ 9.5. ಸರಾಸರಿಯಿಂದ ಅತಿ ದೂರ ಇರುವುದು 8.5, ವ್ಯತ್ಯಾಸ 1. ಅಂದರೆ ಅಸಮತೋಲ 10.5 ಶೇಕಡಾ. ಇದು ಜಾಸ್ತಿ. ಆದರೆ ತಪ್ಪು ಯಾರದ್ದು, ಮೋಟಾರ್‌ನದ್ದೋ ಸಪ್ಲೈನದ್ದೋ? ಸಪ್ಲೈ ವೋಲ್ಟೇಜ್ ಒಂದು ಶೇಕಡಾ ಏರುಪೇರಾದರೂ ಕರೆಂಟಿನಲ್ಲಿ ಆರರಿಂದ ಹತ್ತು ಪಟ್ಟು ಏರುಪೇರು ಕಾಣಬಹುದು. ಹಾಗಾಗಿ ಮೋಟಾರ್ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಮೇನ್ ಆಫ್ ಮಾಡಿ, ಮೂರು ವಯರನ್ನೂ ಒಂದೊಂದು ಜಾಗ ಮುಂದಕ್ಕೆ ಸರಿಸಿ ಕಟ್ಟಿ. ಮೂರನ್ನೂ ಒಟ್ಟಿಗೆ ಸರಿಸಿದರೆ ತಿರುಗುವ ದಿಕ್ಕು ಬದಲಾಗೋದಿಲ್ಲ. ಮತ್ತೆ ಓಡಿಸಿ ಅಳೆಯಿರಿ. ಕಡಿಮೆ ಕರೆಂಟ್ ಅದೇ ಸಪ್ಲೈ ಲೈನಿನಲ್ಲೇ ಉಳಿದಿದ್ದರೆ ದೋಷ ಸಪ್ಲೈ ಕಡೆ. ಮೋಟಾರ್‌ನ ಟರ್ಮಿನಲ್ ಜೊತೆ ಜಾಗ ಬದಲಿಸಿದ್ದರೆ ದೋಷ ಮೋಟಾರ್ ಒಳಗೆ. ಯಾವ ದುಬಾರಿ ಉಪಕರಣವೂ ಇಷ್ಟು ಸ್ಪಷ್ಟವಾಗಿ ಇದನ್ನು ಹೇಳೋದಿಲ್ಲ.

ಕ್ಲ್ಯಾಂಪ್ ಮೀಟರ್ ಆರಿಸುವಾಗ ಟ್ರೂ ಆರ್‌ಎಂಎಸ್ (ಅಲೆಯ ಆಕಾರ ಕೆಟ್ಟಿದ್ದರೂ ಸರಿಯಾಗಿ ಅಳೆಯುವ ಗುಣ) ಇರುವುದನ್ನೇ ಆರಿಸಿ. ಡ್ರೈವ್‌ನಿಂದ ಓಡುವ ಮೋಟಾರ್‌ಗೆ ಇದರ ಜೊತೆ ಲೋ ಪಾಸ್ ಫಿಲ್ಟರ್ ಕೂಡ ಬೇಕು. ಡ್ರೈವ್ ಕೊಡುವುದು ನುಣುಪಾದ ಅಲೆ ಅಲ್ಲ, ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ತುಣುಕುಗಳು. ಫಿಲ್ಟರ್ ಇಲ್ಲದ ಮೀಟರ್ ವೋಲ್ಟೇಜನ್ನು ಜಾಸ್ತಿ ತೋರಿಸುತ್ತದೆ. ಇನ್ನೊಂದು ವಿಷಯ, ಡ್ರೈವ್‌ಗೆ ಹೋಗುವ ಕರೆಂಟ್ ಮತ್ತು ಡ್ರೈವ್‌ನಿಂದ ಮೋಟಾರ್‌ಗೆ ಹೋಗುವ ಕರೆಂಟ್ ಒಂದೇ ಆಗಿರಬೇಕಿಲ್ಲ. ಕಡಿಮೆ ವೇಗದಲ್ಲಿ ಹೊರಗಿನದ್ದೇ ಜಾಸ್ತಿ ಇರಬಹುದು. ಅಳೆಯಬೇಕಾದದ್ದು ಮೋಟಾರ್ ಕಡೆಯದ್ದು.

ಕ್ಲ್ಯಾಂಪ್ ಮೀಟರ್‌ನಿಂದ ಲೋಡ್ ಎಷ್ಟು ಅಂತ ಹೇಳಲು ಹೋಗಬೇಡಿ. ಸಾಮಾನ್ಯ ಇಂಡಕ್ಷನ್ ಮೋಟಾರ್ ಖಾಲಿ ಓಡುವಾಗಲೇ ಪೂರ್ಣ ಕರೆಂಟಿನ ಕಾಲು ಭಾಗದಿಂದ ಅರ್ಧದಷ್ಟು ಎಳೆಯುತ್ತದೆ. ಅದರಲ್ಲಿ ಹೆಚ್ಚಿನದ್ದು ಕಾಂತಕ್ಷೇತ್ರ ಹುಟ್ಟಿಸಲು ಬೇಕಾದದ್ದು, ಕೆಲಸಕ್ಕೆ ಹೋಗುವುದಲ್ಲ. ಕೆಲಸಕ್ಕೆ ಎಷ್ಟು ಹೋಯಿತು ಅಂತ ಗೊತ್ತಾಗಲು ವ್ಯಾಟ್ ಅಳೆಯಬೇಕು. ಮೂರು ವಯರ್‌ನ ಮೋಟಾರ್‌ಗೆ ಎರಡು ವ್ಯಾಟ್‌ಮೀಟರ್ ಸಾಕು. ಪವರ್ ಫ್ಯಾಕ್ಟರ್ (ಎಳೆದ ವೋಲ್ಟ್-ಆಂಪಿಯರ್‌ನಲ್ಲಿ ವ್ಯಾಟ್ ಆದ ಪಾಲು) 0.5ಕ್ಕಿಂತ ಇಳಿದರೆ ಅವುಗಳಲ್ಲಿ ಒಂದು ಮೈನಸ್ ತೋರಿಸುತ್ತದೆ. ಕೂಡುವಾಗ ಆ ಮೈನಸ್ ಚಿಹ್ನೆ ಸಮೇತ ಕೂಡಬೇಕು. ಪವರ್ ಅನಲೈಸರ್ ಇದನ್ನೆಲ್ಲ ತಾನೇ ಮಾಡುತ್ತದೆ. ಕರೆಂಟ್ ಬಿಲ್ ಉಳಿಸುವ ಲೆಕ್ಕಕ್ಕೆ ಅದು ಬೇಕು, ರಿಪೇರಿಗೆ ಅಷ್ಟಾಗಿ ಬೇಡ. ಎಫಿಶಿಯೆನ್ಸಿಯನ್ನು ನಿಖರವಾಗಿ ಹೇಳಬೇಕಾದರೆ ಅದೂ ಒಂದೇ ಸಾಲದು. ಐಇಸಿ 60034-2-1 ಹೇಳುವ ರೀತಿ ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು.

ರೋಟರ್ ಬಾರ್ ಮುರಿದಿದೆ ಅನ್ನುವ ಅನುಮಾನ ಇದ್ದರೆ ಕರೆಂಟಿನ ಸ್ಪೆಕ್ಟ್ರಮ್ (ಅದರಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇವೆ ಅನ್ನೋದು) ನೋಡುವ ಉಪಕರಣ ಇದೆ. 50 ಹರ್ಟ್ಜ್‌ನಲ್ಲಿ 1500ಕ್ಕೆ ಬದಲು 1455 ಆರ್‌ಪಿಎಂ ಓಡುವ ಮೋಟಾರ್‌ನ ಸ್ಲಿಪ್, ಅಂದರೆ ವೇಗದಲ್ಲಿ ಹಿಂದೆ ಬಿದ್ದ ಪಾಲು, 3 ಶೇಕಡಾ. ಬಾರ್ ಮುರಿದಿದ್ದರೆ 50ರ ಆಚೀಚೆ 47 ಮತ್ತು 53 ಹರ್ಟ್ಜ್‌ನಲ್ಲಿ ಗೆರೆ ಏಳುತ್ತವೆ. ಲೋಡ್ ಇದ್ದಾಗ ಮಾತ್ರ ಇದನ್ನು ಮಾಡಿ. ಖಾಲಿ ಓಡುವಾಗ ಸ್ಲಿಪ್ ತೀರಾ ಕಡಿಮೆ, ಗೆರೆಗಳು 50ರೊಳಗೇ ಮುಚ್ಚಿಹೋಗುತ್ತವೆ.

ಸಿಂಗಲ್ ಫೇಸ್ ಮೋಟಾರ್ ಮತ್ತು ಕೆಪಾಸಿಟರ್

ಇಲ್ಲಿ ಮಲ್ಟಿಮೀಟರ್ ನಿಜಕ್ಕೂ ಮಿಂಚುತ್ತದೆ. ಮೂರು ವಯರ್ ಹೊರಬಂದಿವೆ, ಯಾವುದು ಯಾವುದು ಗೊತ್ತಿಲ್ಲ ಅಂದರೆ ಎರಡೆರಡರ ನಡುವೆ ಅಳೆಯಿರಿ. 4, 9 ಮತ್ತು 13 ಓಮ್ ಬಂದರೆ, 13 ಬಂದ ಜೋಡಿಯಲ್ಲಿ ಇಲ್ಲದ ವಯರ್ ಕಾಮನ್. ಕಾಮನ್‌ನಿಂದ 4 ಓಮ್ ಇರುವುದು ರನ್ನಿಂಗ್, 9 ಇರುವುದು ಸ್ಟಾರ್ಟಿಂಗ್. 4 ಮತ್ತು 9 ಕೂಡಿದರೆ 13 ಆಯಿತು, ಲೆಕ್ಕ ಕೂಡಿತು. ಒಂದು ಎಚ್ಚರಿಕೆ: ಎರಡೂ ಕಡೆ ತಿರುಗುವ ಕೆಲವು ಮೋಟಾರ್‌ಗಳಲ್ಲಿ ಎರಡು ವೈಂಡಿಂಗ್ ಸಮ ಇರುತ್ತವೆ, ಅದು ದೋಷ ಅಲ್ಲ.

ಕೆಪಾಸಿಟರ್ ಅಳೆಯಲು ಮೈಕ್ರೋಫ್ಯಾರಡ್ ರೇಂಜ್ ಇರುವ ಮೀಟರ್ ಸಾಕು. ಮೊದಲು ರೆಸಿಸ್ಟರ್ ಮೂಲಕ ಚಾರ್ಜ್ ಖಾಲಿ ಮಾಡಿ, ಸ್ಕ್ರೂಡ್ರೈವರ್ ಅಡ್ಡ ಹಾಕಬೇಡಿ. ಬಿಚ್ಚದೆಯೂ ಅಳೆಯಬಹುದು. ಮೋಟಾರ್ ಓಡುವಾಗ ಕೆಪಾಸಿಟರ್ ವಯರ್‌ನ ಕರೆಂಟ್ ಮತ್ತು ಅದರ ಎರಡು ತುದಿಯ ವೋಲ್ಟೇಜ್ ನೋಡಿ. 50 ಹರ್ಟ್ಜ್‌ನಲ್ಲಿ ಕರೆಂಟನ್ನು 3183ರಿಂದ ಗುಣಿಸಿ ವೋಲ್ಟೇಜ್‌ನಿಂದ ಭಾಗಿಸಿದರೆ ಮೈಕ್ರೋಫ್ಯಾರಡ್ ಬರುತ್ತದೆ. 3.5 ಆಂಪಿಯರ್, 280 ವೋಲ್ಟ್ ಇದ್ದರೆ ಸುಮಾರು 40. ಕೆಪಾಸಿಟರ್ ತುದಿಯಲ್ಲಿ ಸಪ್ಲೈಗಿಂತ ಜಾಸ್ತಿ ವೋಲ್ಟೇಜ್ ಇರುತ್ತದೆ, ಅಳೆಯುವಾಗ ಹುಷಾರು. ಈ ರೀತಿ ಅಳೆದ ಅಂಕಿ ನಿಜವಾದ ಕೆಲಸದ ವೋಲ್ಟೇಜ್‌ನಲ್ಲಿ ಬಂದದ್ದು, ಹಾಗಾಗಿ ನನಗೆ ಇದರ ಮೇಲೇ ಹೆಚ್ಚು ನಂಬಿಕೆ.

ಬಿಎಲ್‌ಡಿಸಿ ಮತ್ತು ಬ್ರಷ್ ಮೋಟಾರ್

ಬ್ರಷ್ ಇರುವ ಡಿಸಿ ಮೋಟಾರ್‌ಗೆ ಮಲ್ಟಿಮೀಟರ್ ಹಿಡಿದರೆ ಶಾಫ್ಟ್ ಕದಲಿದಾಗೆಲ್ಲ ಅಂಕಿ ಕುಣಿಯುತ್ತದೆ. ಬ್ರಷ್‌ನ ಕಾಂಟ್ಯಾಕ್ಟ್ ಸಣ್ಣ ಕರೆಂಟಿಗೆ ಸರಿಯಾಗಿ ಸ್ಪಂದಿಸೋದಿಲ್ಲ. ಶಾಫ್ಟ್ ತಿರುಗದಂತೆ ಹಿಡಿದು, ಮೇಲೆ ಹೇಳಿದ ಹಾಗೆ ಡಿಸಿ ಕರೆಂಟ್ ಹರಿಸಿ, ಬೇರೆ ಬೇರೆ ಕೋನದಲ್ಲಿ ಅಳೆದು ಸರಾಸರಿ ತೆಗೆಯಿರಿ.

ಡ್ರೋನ್, ಇ-ಬೈಕ್‌ಗಳ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಆಯಸ್ಕಾಂತ ಇರುವ ಡಿಸಿ) ಮೋಟಾರ್‌ನಲ್ಲಿ ಎಲ್ಲರಿಗೂ ಬೇಕಾದ ಅಂಕಿ ಕೆವಿ, ಅಂದರೆ ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ. ಇದನ್ನು ಅಳೆಯಲು ಮೋಟಾರನ್ನು ಡ್ರಿಲ್‌ಗೆ ಕಚ್ಚಿಸಿ ತಿರುಗಿಸಿ, ಎರಡು ವಯರ್ ನಡುವೆ ಹುಟ್ಟುವ ವೋಲ್ಟೇಜ್ ನೋಡಬೇಕು. ಮಲ್ಟಿಮೀಟರ್‌ನಲ್ಲೂ ಆಗುತ್ತದೆ, ಆಸಿಲೋಸ್ಕೋಪ್‌ನಲ್ಲೂ ಆಗುತ್ತದೆ. ಮಲ್ಟಿಮೀಟರ್ ಆದರೆ ಆರ್‌ಪಿಎಂಗೆ ಟ್ಯಾಕೋಮೀಟರ್ (ತಿರುಗುವ ವೇಗ ಅಳೆಯುವ ಮೀಟರ್) ಬೇರೆ ಬೇಕು, ಅಲೆ ಸೈನ್ ಆಕಾರದ್ದು ಅಂತ ನಂಬಿ 1.414ರಿಂದ ಗುಣಿಸಬೇಕು. ಆಸಿಲೋಸ್ಕೋಪ್‌ನಲ್ಲಿ ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ. 14 ಪೋಲ್‌ನ (ಆಯಸ್ಕಾಂತದ ಧ್ರುವಗಳ) ಮೋಟಾರ್, ಅಲೆ 140 ಹರ್ಟ್ಜ್, ಮೇಲಿನ ತುದಿಯಿಂದ ಕೆಳಗಿನ ತುದಿಗೆ 8 ವೋಲ್ಟ್. 120ನ್ನು 140ರಿಂದ ಗುಣಿಸಿ 14ರಿಂದ ಭಾಗಿಸಿದರೆ 1200 ಆರ್‌ಪಿಎಂ. ಪೀಕ್ 4 ವೋಲ್ಟ್. 1200ನ್ನು 4ರಿಂದ ಭಾಗಿಸಿದರೆ ಕೆವಿ 300. 9.55ನ್ನು 300ರಿಂದ ಭಾಗಿಸಿದರೆ ಒಂದು ಆಂಪಿಯರ್‌ಗೆ ಸುಮಾರು 0.032 ನ್ಯೂಟನ್ ಮೀಟರ್ ಟಾರ್ಕ್ ಅಂತಲೂ ಅಂದಾಜು ಸಿಕ್ಕಿತು.

ಆಸಿಲೋಸ್ಕೋಪ್ ಇದಕ್ಕಿಂತ ಜಾಸ್ತಿಯೂ ಹೇಳುತ್ತದೆ. ಒಂದು ಸುತ್ತಿನ ಏಳು ಉಬ್ಬುಗಳಲ್ಲಿ ಒಂದು ಗಿಡ್ಡ ಇದ್ದು, ಪ್ರತಿ ಸುತ್ತಿನಲ್ಲೂ ಹಾಗೇ ಬಂದರೆ ಆ ಜಾಗದ ಆಯಸ್ಕಾಂತ ಕುಂದಿರಬಹುದು ಅಥವಾ ಬಿರುಕು ಬಿಟ್ಟಿರಬಹುದು. ಮಲ್ಟಿಮೀಟರ್ ಅದನ್ನು ಸರಾಸರಿಯೊಳಗೆ ಮುಚ್ಚಿಹಾಕುತ್ತದೆ. ಎಲ್ಲ ಉಬ್ಬುಗಳೂ ಸಮನಾಗಿ ತಗ್ಗಿದ್ದರೆ ಮೋಟಾರ್ ಬಿಸಿ ಇದೆಯೇ ನೋಡಿ. ನಿಯೋಡಿಮಿಯಮ್ ಆಯಸ್ಕಾಂತ ಪ್ರತಿ ಡಿಗ್ರಿಗೆ ಸುಮಾರು 0.1 ಶೇಕಡಾ ಬಲ ಕಳೆದುಕೊಳ್ಳುತ್ತದೆ, ತಣ್ಣಗಾದಾಗ ಮರಳಿ ಪಡೆಯುತ್ತದೆ. ತಣ್ಣಗಾದ ಮೇಲೂ ಅಲೆ ತಗ್ಗೇ ಇದ್ದರೆ ಆಯಸ್ಕಾಂತ ಶಾಶ್ವತವಾಗಿ ಸೋತಿದೆ.

ಯಾರಿಗೆ ಯಾವುದು

ಮನೆಯ ಪಂಪು, ಫ್ಯಾನು ರಿಪೇರಿ ಮಾಡುವವರಿಗೆ ಕೆಪಾಸಿಟರ್ ಅಳೆಯುವ ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರ್ ಮತ್ತು 500 ವೋಲ್ಟ್ ಮೆಗ್ಗರ್, ಇವೆರಡು ಸಾಕು. ಮೂರು ಫೇಸ್ ಮೋಟಾರ್ ಇರುವ ಕಾರ್ಖಾನೆಯಲ್ಲಿ ಇದರ ಜೊತೆ ನಾಲ್ಕು ವಯರ್ ರೆಸಿಸ್ಟೆನ್ಸ್ ಅಳತೆ ಸೇರಿಸಿ. ಡ್ರೈವ್‌ಗಳು ಇದ್ದರೆ ಫಿಲ್ಟರ್ ಇರುವ ಕ್ಲ್ಯಾಂಪ್ ಮೀಟರನ್ನೇ ತನ್ನಿ. ಹವ್ಯಾಸಕ್ಕೆ ಬಿಎಲ್‌ಡಿಸಿ ಮೋಟಾರ್ ಜೊತೆ ಕೆಲಸ ಮಾಡುವವರು ಮೆಗ್ಗರ್ ಬದಲು ಎರಡು ಚಾನೆಲ್‌ನ ಸಣ್ಣ ಆಸಿಲೋಸ್ಕೋಪ್ ಮತ್ತು ಡಿಸಿ ಸಪ್ಲೈ ಕೊಳ್ಳಲಿ. ರಿವೈಂಡಿಂಗ್ ಕೆಲಸದವರು ಎಲ್‌ಸಿಆರ್ ಮೀಟರ್‌ನಿಂದ ಶುರು ಮಾಡಿ, ಕೆಲಸ ಬೆಳೆದಂತೆ ಸರ್ಜ್ ಟೆಸ್ಟರ್‌ಗೆ ಹೋಗಬಹುದು. ಪವರ್ ಅನಲೈಸರ್ ಮತ್ತು ಸ್ಪೆಕ್ಟ್ರಮ್ ನೋಡುವ ಉಪಕರಣವನ್ನು ಬೇಕಾದಾಗ ಬಾಡಿಗೆಗೆ ತರುವುದೇ ಲಾಭ. ಅವುಗಳನ್ನು ತರುವ ದಿನ ಮೋಟಾರ್ ಪೂರ್ತಿ ಲೋಡ್‌ನಲ್ಲಿ ಓಡುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಿ.